ಅಡ್ಡಹೆಸರುಗಳು: ಧಾರವಾಡ ಜಿಲ್ಲೆಯ ಹಳ್ಳಿಗಾಡಿನ ಮನೆತನದ ಹೆಸರುಗಳು

ಒಬ್ಬನ ಸ್ವಂತ ಹೆಸರು, ಅವನ ತಂದೆಯ ಹೆಸರು ಇವೆರಡನ್ನೂ ಬಿಟ್ಟು ಇಡೀ ಮನೆತನಕ್ಕೆ ಸೇರಿದ ಹೆಸರಿಗೆ ಅಡ್ಡಹೆಸರು ಎನ್ನುತ್ತಾರೆ. ಹಳೆಯ ಮೈಸೂರು ಸೀಮೆಯವರಿಗೆ ಇದರ ಅಗತ್ಯ ಅಷ್ಟಾಗಿ ಬೀಳಲಿಲ್ಲ. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಿಂದಲೇ ಅಲ್ಲಿ ಕೆಲಸ ನಡೆಯುತ್ತ ಬಂದಿದೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳಲ್ಲಾದರೆ ಅಡ್ಡಹೆಸರಿಲ್ಲದ ಮನೆ ಹುಡುಕಿದರೂ ಸಿಗುವುದು ಕಷ್ಟ. ಸಂತೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಇಬ್ಬರು ಅಪರಿಚಿತರು ಕೂಡಿದರೆ ಮೊದಲನೆಯ ಪ್ರಶ್ನೆ "ಯಾವೂರು?", ಎರಡನೆಯದು "ಅಡ್ಡಹೆಸರೇನ್ರಿ?" "ಬಡಿಗೇರರಿ" ಎಂದರೆ ಅಷ್ಟಕ್ಕೇ ಮುಗಿಯುವುದಿಲ್ಲ. "ಯಾವ ಬಡಿಗೇರು? ಅಗಸಿ ಮುಂದಿನವರೋ, ಕೆರಿ ದಂಡಿಯವರೋ?" ಎಂದು ಮತ್ತೊಂದು ಪ್ರಶ್ನೆ ಬರುತ್ತದೆ. ಅದಕ್ಕೂ ಉತ್ತರ ಸಿಕ್ಕ ಮೇಲೆ ಆ ಮನೆಯ ಯಾವುದಾದರೊಂದು ಬೀಗತನ ನೆನಪಾಗಿ ಮಾತು ಮುಂದುವರಿಯುತ್ತದೆ. ಸ್ವಂತ ಹೆಸರು ಎಷ್ಟೋ ಹೊತ್ತಿನ ಮೇಲೆ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ.

ಹೀಗೆ ಊರು ಮತ್ತು ಕಸುಬನ್ನು ಹೆಸರಿನ ಹಿಂದೆ ಹಚ್ಚುವ ರೂಢಿ ಈ ನೆಲದಲ್ಲಿ ಬಹಳ ಹಳೆಯದು. ಆದಿಕವಿ ಪಂಪನ ತಮ್ಮ ಜಿನವಲ್ಲಭ 10ನೆಯ ಶತಮಾನದಲ್ಲಿ ಇಂದಿನ ತೆಲಂಗಾಣದ ಕುರಿಕ್ಯಾಲದಲ್ಲಿ ಹಾಕಿಸಿದ ಶಾಸನದಲ್ಲಿ ತನ್ನ ತಾಯಿ ಅಬ್ಬಣಬ್ಬೆಯ ಮನೆತನವನ್ನು ಬೆಳ್ವಲದ ಅಣ್ಣಿಗೆರೆಯ ಜೋಯಿಸ ಸಿಂಘನ ಕಡೆಗೆ ಒಯ್ದಿದ್ದಾನೆ. ಊರು ಅಣ್ಣಿಗೆರೆ, ಕಸುಬು ಜೋಯಿಸಿಕೆ, ಹೆಸರು ಸಿಂಘ. ಇಂದಿನ ಜೋಶಿ ಮನೆತನಗಳ ಹೆಸರು ಆ 'ಜೋಯಿಸ' ಎಂಬ ಮಾತಿಗೆ ಸೋದರನಂತಿದೆ. ನಡುಗಾಲದ ಶಾಸನಗಳಲ್ಲಿ ಕಾಣುವ ಗಾವುಂಡ, ಸೇನಬೋವ, ಪಟ್ಟಣಸೆಟ್ಟಿ ಎಂಬ ಮಾತುಗಳು ಆಗ ಅಧಿಕಾರದ ಹೆಸರುಗಳು. ಅವುಗಳಲ್ಲಿ ಗಾವುಂಡ ಸವೆದು ಗೌಡನಾದ, ಪಟ್ಟಣಸೆಟ್ಟಿ ಪಟ್ಟಣಶೆಟ್ಟಿಯಾಗಿ ಉಳಿದ. ಧಾರವಾಡ ತಾಲ್ಲೂಕಿನ ಯಾದವಾಡದವರಾದ ಕವಿ ಸಿದ್ಧಲಿಂಗ ಪಟ್ಟಣಶೆಟ್ಟಿ ಅವರ ಹೆಸರನ್ನು ಓದುವಾಗಲೆಲ್ಲ ಪೇಟೆಯ ವ್ಯಾಪಾರಿಗಳ ಮುಖಂಡನೊಬ್ಬ ಶಾಸನದ ಕಲ್ಲಿನಿಂದ ಎದ್ದು ಬಂದಂತಾಗುತ್ತದೆ.

ಹೆಸರಿನ ವ್ಯಾಕರಣ

ಈ ಭಾಗದ ಅಡ್ಡಹೆಸರುಗಳ ಕೊನೆಯ ಅಕ್ಷರವನ್ನು ಗಮನಿಸಬೇಕು. ಬಡಿಗೇರ, ಕುಂಬಾರರ, ಬೆಲ್ಲದ, ತುಪ್ಪದ, ಹಡಪದ, ಚಿಕ್ಕನಗೌಡರ, ನಿಂಬಣ್ಣವರ: ಇವುಗಳಲ್ಲಿ ಹೆಚ್ಚಿನವು ಷಷ್ಠೀ ವಿಭಕ್ತಿಯ ರೂಪಗಳು. ಬೆಲ್ಲದ ಎಂದರೆ ಬೆಲ್ಲಕ್ಕೆ ಸಂಬಂಧಿಸಿದ, ನಿಂಬಣ್ಣವರ ಎಂದರೆ ನಿಂಬಣ್ಣ ಎಂಬ ಹಿರಿಯನ ಕಡೆಯವರ. ಮುಂದೆ ಒಂದು ಪದ ಬರಬೇಕು ಎಂದು ಅವು ಕಾಯುತ್ತವೆ. ಹಳ್ಳಿಯ ಬಾಯಲ್ಲಿ ಆ ಪದ ಬರುತ್ತದೆ ಕೂಡ: "ಬಡಿಗೇರ ಬಸಪ್ಪ", "ಬೆಲ್ಲದ ಸಂಗವ್ವ", "ಹಡಪದರ ಮನಿ". ಕನ್ನಡದ ಸಹಜ ಕ್ರಮ ಇದೇ. ಮನೆತನ ಮೊದಲು, ಮನುಷ್ಯ ಆಮೇಲೆ. ಕಚೇರಿಯ ಕಾಗದದಲ್ಲಿ ಇದು ತಿರುವುಮುರುವಾಗಿ "ಬಸಪ್ಪ ನಿಂಗಪ್ಪ ಬಡಿಗೇರ" ಎಂದಾಯಿತು. ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಈ ಕ್ರಮ ಮುಂಬಯಿ ಪ್ರಾಂತದ ರೂಢಿ. ಧಾರವಾಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿಯ ಆಡಳಿತದಲ್ಲಿತ್ತು. ಕುಂದಗೋಳ ಮಾತ್ರ ಸ್ವಾತಂತ್ರ್ಯದ ಹೊತ್ತಿನವರೆಗೂ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಎರಡೂ ಕಡೆ ಮರಾಠಿ ಕಾರಕೂನರ ಲೇಖಣಿಯೇ ಓಡಾಡಿತು. ಮರಾಠಿಯವರು ಇದಕ್ಕೆ ಆಡನಾವ ಎನ್ನುತ್ತಾರೆ.

ಸಾಹಿತಿಗಳ ಹೆಸರುಗಳು ಈ ಎರಡೂ ಕ್ರಮಗಳನ್ನು ಉಳಿಸಿಕೊಂಡಿವೆ. ಆಲೂರ ವೆಂಕಟರಾಯ, ಹುಯಿಲಗೋಳ ನಾರಾಯಣರಾಯ, ಬೆಟಗೇರಿ ಕೃಷ್ಣಶರ್ಮ ಎಂಬವು ಹಳೆಯ ಬಾಯಿಮಾತಿನ ಕ್ರಮದವು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ವಿನಾಯಕ ಕೃಷ್ಣ ಗೋಕಾಕ, ಫಕೀರಪ್ಪ ಗುರುಬಸಪ್ಪ ಹಳಕಟ್ಟಿ ಎಂಬವು ರಜಿಸ್ಟರಿನ ಕ್ರಮದವು. ಇದಕ್ಕೆ ಇಬ್ಬರು ಪಾಟೀಲರಿಗಿಂತ ಒಳ್ಳೆಯ ನಿದರ್ಶನವಿಲ್ಲ. 'ಪ್ರಪಂಚ' ವಾರಪತ್ರಿಕೆಯ ಪಾಟೀಲ ಪುಟ್ಟಪ್ಪ 'ಪಾಪು' ಆದರು, 'ಸಂಕ್ರಮಣ'ದ ಚಂದ್ರಶೇಖರ ಪಾಟೀಲ 'ಚಂಪಾ' ಆದರು. ಒಂದೇ ಅಡ್ಡಹೆಸರಿನ 'ಪಾ' ಒಬ್ಬರಲ್ಲಿ ಮುಂದೆ ಕೂತಿತು, ಇನ್ನೊಬ್ಬರಲ್ಲಿ ಹಿಂದೆ. ಪುಟ್ಟಪ್ಪನವರು 2020ರಲ್ಲಿ, ಚಂದ್ರಶೇಖರ ಪಾಟೀಲರು 2022ರಲ್ಲಿ ತೀರಿಕೊಂಡರು.

ಊರು ಬಿಟ್ಟವರಿಗೆ ಊರ ಹೆಸರು

ಅಡ್ಡಹೆಸರುಗಳ ದೊಡ್ಡ ರಾಶಿ ಊರ ಹೆಸರುಗಳದು: ನವಲಗುಂದ, ಅಣ್ಣಿಗೇರಿ, ಕಲಘಟಗಿ, ಕುಂದಗೋಳ, ಗುಡಗೇರಿ, ಸಂಶಿ, ಮೊರಬ, ಹೆಬಸೂರ. ಇವುಗಳ ಬಗ್ಗೆ ಒಂದು ಸರಳ ಸತ್ಯವನ್ನು ಹಲವರು ಗಮನಿಸುವುದಿಲ್ಲ. ಊರಲ್ಲೇ ಇರುವವನಿಗೆ ಊರ ಹೆಸರು ಅಂಟುವುದಿಲ್ಲ. ನವಲಗುಂದದಲ್ಲಿ ಎಲ್ಲರೂ ನವಲಗುಂದದವರೇ ಆಗಿರುವಾಗ ಒಬ್ಬನನ್ನು ಮಾತ್ರ ಹಾಗೆ ಕರೆದು ಏನು ಪ್ರಯೋಜನ? ಅವನು ಹುಬ್ಬಳ್ಳಿಗೆ ಬಂದು ಅಂಗಡಿ ಹಾಕಿದಾಗ, ಗದಗಿನಲ್ಲಿ ನೇಕಾರಿಕೆಗೆ ನಿಂತಾಗ, ಅಲ್ಲಿಯ ಜನ ಅವನನ್ನು 'ನವಲಗುಂದದವನು' ಎನ್ನುತ್ತಾರೆ. ಒಂದು ತಲೆಮಾರು ಕಳೆಯುವಷ್ಟರಲ್ಲಿ 'ದವನು' ಉದುರಿ 'ನವಲಗುಂದ' ಉಳಿಯುತ್ತದೆ. ಆದ್ದರಿಂದ ಊರ ಹೆಸರಿನ ಅಡ್ಡಹೆಸರನ್ನು ಕಂಡರೆ ಅದನ್ನು ವಿಳಾಸವೆಂದು ಓದಬಾರದು, ವಲಸೆಯ ದಾಖಲೆಯೆಂದು ಓದಬೇಕು. ಬರಗಾಲವೋ ಬೀಗತನವೋ ವ್ಯಾಪಾರವೋ ನೌಕರಿಯೋ, ಆ ಮನೆತನ ಎಂದೋ ಒಂದು ದಿನ ಆ ಊರಿನ ಅಗಸಿಯನ್ನು ದಾಟಿ ಹೊರಗೆ ಬಂದಿದೆ.

ಇದು ಎಷ್ಟು ನಿಜ ಎಂಬುದಕ್ಕೆ ಈ ಸೀಮೆಯ ಅತ್ಯಂತ ಹೆಸರಾದ ಮಗ ರಾಮಭಾವು ಕುಂದಗೋಳಕರ ಅವರ ಬದುಕೇ ಸಾಕ್ಷಿ. ಅವರು ಹುಟ್ಟಿದ್ದು 1886ರಲ್ಲಿ, ಹುಬ್ಬಳ್ಳಿ ಹತ್ತಿರದ ಅಮರಗೋಳದಲ್ಲಿ. ತಂದೆ ಗಣೇಶರಾಯರ ಅಡ್ಡಹೆಸರು ಸಂಶಿ. ಸಂಶಿ ಎಂಬುದು ಕುಂದಗೋಳ ತಾಲ್ಲೂಕಿನದೇ ಒಂದು ಊರು. ಸಂಶಿಯಲ್ಲೇ ಇದ್ದಿದ್ದರೆ ಮನೆತನಕ್ಕೆ ಆ ಹೆಸರು ಬರುವ ಕಾರಣವಿರಲಿಲ್ಲ. ಮನೆತನ ಕುಂದಗೋಳದಲ್ಲಿ ನೆಲೆನಿಂತಿತು. ಹುಡುಗ ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯನಾಗಿ, ಮುಂದೆ ಮರಾಠಿ ಸಂಗೀತ ನಾಟಕದ ರಂಗಭೂಮಿಗೆ ಹೋದ. ಮಹಾರಾಷ್ಟ್ರದವರಿಗೆ ಆತ ಕುಂದಗೋಳದಿಂದ ಬಂದವನು; ಮರಾಠಿಯ 'ಕರ' ಪ್ರತ್ಯಯ ಹಚ್ಚಿ ಕುಂದಗೋಳಕರ ಎಂದರು. ಹೀಗೆ ಸಂಶಿ ಎಂಬ ಒಂದು ವಲಸೆಯ ಹೆಸರಿನ ಮೇಲೆ ಇನ್ನೊಂದು ವಲಸೆಯ ಹೆಸರು ಕೂತಿತು. ಹಾಡಿಕೆಯಿಂದ ಗಳಿಸಿದ 'ಸವಾಯಿ ಗಂಧರ್ವ' ಎಂಬ ಬಿರುದು ಆಮೇಲೆ ಆ ಎರಡನ್ನೂ ಮುಚ್ಚಿತು. ಸವಾಯಿ ಎಂದರೆ ಒಂದೂಕಾಲು, ಅಂದರೆ ಗಂಧರ್ವನಿಗಿಂತ ಕಾಲು ಪಾಲು ಹೆಚ್ಚಿನವನು. 1952ರ ಸೆಪ್ಟೆಂಬರ್ 12ರಂದು ಅವರು ತೀರಿಕೊಂಡ ಮರುವರ್ಷ ಪುಣೆಯಲ್ಲಿ ಶುರುವಾದ ಸಂಗೀತೋತ್ಸವಕ್ಕೆ ಇಟ್ಟದ್ದು ಆ ಬಿರುದನ್ನೇ. ಇಂದು ಆ ಉತ್ಸವಕ್ಕೆ ಬರುವ ಸಾವಿರಾರು ಶ್ರೋತೃಗಳಲ್ಲಿ ಕುಂದಗೋಳ ಎಂಬ ಊರಿನ ಹೆಸರನ್ನು ಕೇಳಿದವರು ಕಡಿಮೆ. ಇದು ನನಗೆ ನೋವಿನ ಸಂಗತಿ.

ಕುಂದಗೋಳದಲ್ಲಿ ಸಂಗೀತದ ನೆನಪು ಉಳಿದಿರುವುದು ಇನ್ನೊಂದು ಅಡ್ಡಹೆಸರಿನ ಮನೆಯಲ್ಲಿ, ನಾಡಿಗೇರ ವಾಡೆಯಲ್ಲಿ. ನಾಡಿಗೇರ ಎಂಬುದು ನಾಡಿನ, ಅಂದರೆ ಪರಗಣೆಯ ಆಡಳಿತಕ್ಕೆ ಸೇರಿದ ಹೆಸರು. ಊರು ಬಿಡದೆ ಉಳಿದವರ ಹೆಸರು. ಈ ಮನೆತನದವರು ಗವಾಯಿಗಳಿಗೆ ಆಸರೆಯಾದರು. ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತ ಇಂದಿಗೂ ಈ ವಾಡೆಯಲ್ಲಿ ರಾತ್ರಿಯಿಡೀ ನಡೆಯುತ್ತದೆ. ಒಂದೇ ಊರಿನಲ್ಲಿ ಎರಡು ಬಗೆಯ ಹೆಸರುಗಳು ಹೀಗೆ ಎದುರುಬದುರಾಗಿವೆ: ಹಾಡಲು ಹೊರಗೆ ಹೋದವರು ಕುಂದಗೋಳಕರ, ಕೇಳಲು ಕರೆದವರು ನಾಡಿಗೇರ.

ಸವಾಯಿ ಗಂಧರ್ವರ ಶಿಷ್ಯರ ಸಾಲಿನಲ್ಲೂ ಹೆಸರುಗಳ ಇದೇ ಕಥೆ ಸಾಗುತ್ತದೆ. ಭೀಮಸೇನ ಜೋಶಿ ಅವರದು ಕಸುಬಿನ ಹೆಸರು. ಕುಂದಗೋಳ ತಾಲ್ಲೂಕಿನ ಯಲಿವಾಳದಲ್ಲಿ ಹುಟ್ಟಿದ ಬಸವರಾಜ ರಾಜಗುರು ಅವರದು ಪದವಿಯ ಹೆಸರು. ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ ಪಾಠಕ್ಕೆ ಬರುತ್ತಿದ್ದ ಗಂಗೂಬಾಯಿ ಹಾನಗಲ್ ಅವರದು ಊರ ಹೆಸರು, ಅದೂ ತಾಯಿಯ ಕಡೆಯಿಂದ ಬಂದದ್ದು. ಗಂಗೂಬಾಯಿ 1913ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬದುಕಿನ ಬಹುಪಾಲನ್ನು ಹುಬ್ಬಳ್ಳಿಯಲ್ಲಿ ಕಳೆದು, 2009ರಲ್ಲಿ ಅಲ್ಲಿಯೇ ತೀರಿಕೊಂಡರು. ಪತಿ ಗುರುರಾವ್ ಕೌಲಗಿ ಅವರ ಅಡ್ಡಹೆಸರು ಗಂಗೂಬಾಯಿಗೂ ಬರಲಿಲ್ಲ, ಮಕ್ಕಳಿಗೂ ಬರಲಿಲ್ಲ. ಜೊತೆಗೆ ಹಾಡುತ್ತಿದ್ದ ಮಗಳು ಕೃಷ್ಣಾ ಕೂಡ ಹಾನಗಲ್ ಆಗಿಯೇ ಬಾಳಿದರು. ಹೆಣ್ಣಿನಿಂದ ಹೆಣ್ಣಿಗೆ ವಿದ್ಯೆ ಇಳಿದು ಬಂದ ಮನೆಗಳಲ್ಲಿ ಹೆಸರೂ ಹಾಗೆಯೇ ಇಳಿದು ಬಂತು. ಸಮಾಜ ಆ ಮನೆಗಳಿಗೆ ತೋರಿದ ಅವಮರ್ಯಾದೆ ಕಡಿಮೆಯದಲ್ಲ. ಅದೆಲ್ಲವನ್ನೂ ದಾಟಿ ಆ ಅಡ್ಡಹೆಸರನ್ನು ದೇಶದ ಹೆಸರನ್ನಾಗಿ ಮಾಡಿದ್ದು ಗಂಗೂಬಾಯಿಯವರ ಕಂಠ.

ಹೊರಗೆ ಹೋದಾಗಲೇ ಹೆಸರು ಬದಲಾಗುತ್ತದೆ ಎಂಬುದಕ್ಕೆ ಮಲ್ಲಿಕಾರ್ಜುನ ಮನಸೂರ ಇನ್ನೊಂದು ನಿದರ್ಶನ. ಧಾರವಾಡದ ಹತ್ತಿರದ ಮನಸೂರಿನಲ್ಲಿ 1910ರಲ್ಲಿ ಅವರ ಜನನ. ತಂದೆ ಭೀಮರಾಯಪ್ಪ ಆ ಊರಿನ ಗೌಡರು. ಊರ ಒಳಗೆ ಗೌಡರ ಮನೆ, ನಾಟಕ ಕಂಪನಿಯಲ್ಲಿ ಮತ್ತು ಸಂಗೀತದ ಕಛೇರಿಯಲ್ಲಿ ಮನಸೂರ. ಅಣ್ಣ ಬಸವರಾಜ ಮನಸೂರ ರಂಗಭೂಮಿಯಲ್ಲಿ, ಮಗ ರಾಜಶೇಖರ ಮನಸೂರ ಗಾಯನದಲ್ಲಿ ಅದೇ ಹೆಸರನ್ನು ಮುಂದುವರಿಸಿದರು. ಹುಬ್ಬಳ್ಳಿ ಬಳಿಯ ಅದರಗುಂಚಿಯ ರಾಜಮ್ಮ ಚಿತ್ರರಂಗಕ್ಕೆ ಹೋಗಿ ಶಾಂತಾ ಹುಬ್ಳೀಕರ ಆದರು. 1939ರ 'ಮಾಣೂಸ' ಚಿತ್ರ ಅವರನ್ನು ಮನೆಮಾತಾಗಿಸಿತು. ಅದರಗುಂಚಿ ಎಂಬ ಹಳ್ಳಿ ಪುಣೆಯವರಿಗೆ ಗೊತ್ತಿರಲಾರದು, ಹುಬ್ಬಳ್ಳಿ ಗೊತ್ತು. ದೂರ ಹೆಚ್ಚಿದಷ್ಟೂ ಹೆಸರಿನ ಊರು ದೊಡ್ಡದಾಗುತ್ತ ಹೋಗುತ್ತದೆ. ವಿಜಯಪುರ ಸೀಮೆಯ ಬೀಳಗಿಯಿಂದ ಹೊರಟ ಅಮೀರಬಾಯಿ ಮುಂಬಯಿಯಲ್ಲಿ ಒಂದು ನಾಡಿನ ಹೆಸರನ್ನೇ ಹೊತ್ತು ಅಮೀರಬಾಯಿ ಕರ್ನಾಟಕಿ ಎನಿಸಿದರು.

ಪಂಡಿತರಲ್ಲಿ ಎರಡು ತಾಲ್ಲೂಕುಗಳ ಹೆಸರನ್ನು ಇಬ್ಬರು ಉಳಿಸಿದ್ದಾರೆ. ಜೈನ ತತ್ತ್ವಶಾಸ್ತ್ರದಲ್ಲಿ ದುಡಿದ ಟಿ. ಜಿ. ಕಲಘಟಗಿ ಅವರ ಜೈನ ಮನಶ್ಶಾಸ್ತ್ರದ ಮೇಲಿನ ಇಂಗ್ಲಿಷ್ ಗ್ರಂಥವನ್ನು ಕರ್ನಾಟಕ ವಿಶ್ವವಿದ್ಯಾಲಯ 1961ರಲ್ಲಿ ಪ್ರಕಟಿಸಿತು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಲ್ಲಿದ್ದ ಎ. ಎಂ. ಅಣ್ಣಿಗೇರಿ ಶಾಸನ ಮತ್ತು ಶಿಲ್ಪಗಳ ಅಭ್ಯಾಸಕ್ಕೆ ಹೆಸರಾದವರು. ಆ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಅವರು ಬರೆದ ಕೈಪಿಡಿ 1958ರದು. ಕಲಘಟಗಿ ಎಂದರೆ ಬಣ್ಣದ ತೊಟ್ಟಿಲು, ನವಲಗುಂದ ಎಂದರೆ ಜಮಖಾನೆ, ಅಣ್ಣಿಗೇರಿ ಎಂದರೆ ಅಮೃತೇಶ್ವರ ಗುಡಿ ಎಂದಷ್ಟೇ ಬಲ್ಲವರು ಈ ಇಬ್ಬರನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳಬೇಕು.

ಸಾಹಿತ್ಯದಲ್ಲಿ ಈ ಬಗೆಯ ಹೆಸರುಗಳು ಇನ್ನೂ ಹೆಚ್ಚು. ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಹುಟ್ಟಿದ್ದು ಗದಗಿನಲ್ಲಿ, ಕುರ್ತಕೋಟಿ ಅದೇ ತಾಲ್ಲೂಕಿನ ಹಳ್ಳಿ. ಗೋಕಾಕರು ಹುಟ್ಟಿದ್ದು ಗೋಕಾಕದಲ್ಲಲ್ಲ, ಸವಣೂರಿನಲ್ಲಿ. 1982ರ ಗೋಕಾಕ ಚಳವಳಿ ಗೋಕಾಕ ಪಟ್ಟಣದಲ್ಲಿ ನಡೆದ ಚಳವಳಿಯೆಂದು ಇಂದಿನ ವಿದ್ಯಾರ್ಥಿಗಳು ಬರೆಯುವುದುಂಟು, ಅದು ವಿ. ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿಯ ವರದಿಯಿಂದ ಬಂದ ಹೆಸರು. 'ಅವಧೇಶ್ವರಿ' ಬರೆದ ಶಂಕರ ಮೊಕಾಶಿ ಪುಣೇಕರ ಅವರಲ್ಲಿ ಎರಡು ಅಡ್ಡಹೆಸರುಗಳು ಒಟ್ಟಿಗೆ ಕೂತಿವೆ, ಒಂದು ಹುದ್ದೆಯದು, ಒಂದು ಊರಿನದು. ಧಾರವಾಡದಲ್ಲಿ ಬಾಳಿದ ಎಂ. ಎಂ. ಕಲಬುರ್ಗಿ ಹುಟ್ಟಿದ್ದು ಸಿಂದಗಿ ತಾಲ್ಲೂಕಿನ ಗುಬ್ಬೇವಾಡದಲ್ಲಿ. ಊರ ಹೆಸರು, ಆಳ ಹೆಸರುಗಳ ಅಭ್ಯಾಸಕ್ಕೆ 'ಕನ್ನಡ ನಾಮವಿಜ್ಞಾನ' ಎಂಬ ಗ್ರಂಥವನ್ನು ಕೊಟ್ಟವರೂ ಅವರೇ. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿ ಅವರು ಗುಂಡಿಗೆ ಬಲಿಯಾದರು. ಈ ವಿಷಯದಲ್ಲಿ ಕೈಯಾಡಿಸುವ ಯಾರೂ ಅವರಿಗೂ, ಊರ ಹೆಸರುಗಳಿಂದ ನಾಡಿನ ಚರಿತ್ರೆಯನ್ನು ಓದಿ ತೋರಿಸಿದ ಶಂ. ಬಾ. ಜೋಶಿ ಅವರಿಗೂ ಋಣಿಗಳು.

ಸಾಧುಸಂತರ ಸಂಗತಿ ಬೇರೆ. ಮನೆ ಬಿಟ್ಟವರಿಗೆ ಮನೆತನದ ಹೆಸರಿಲ್ಲ. ನಿಂತ ನೆಲವೇ ಹೆಸರು. ನವಲಗುಂದದ ನಾಗಲಿಂಗಸ್ವಾಮಿ, ಶಿಶುನಾಳ ಶರೀಫರು, ಶರೀಫರ ಗುರುಗಳಾದ ಕುಂದಗೋಳ ತಾಲ್ಲೂಕಿನ ಕಳಸದ ಗೋವಿಂದಭಟ್ಟರು ಹೀಗೆ ಉಳಿದಿದ್ದಾರೆ.

ಉಳಿದವರ ಹೆಸರುಗಳು

ಊರು ಬಿಡದವರನ್ನು ಗುರುತಿಸಲು ಊರೊಳಗಿನ ಗುರುತುಗಳೇ ಬೇಕಾದವು. ಮೊದಲನೆಯದು ವತನ. ಗೌಡ ಅಥವಾ ಪಾಟೀಲ ಊರ ಮುಖ್ಯಸ್ಥ, ಕುಲಕರ್ಣಿ ಊರಿನ ಲೆಕ್ಕದವನು, ತಳವಾರ ಊರ ಕಾವಲಿನವನು. ಪರಗಣೆಗೆ ದೇಸಾಯಿ, ದೇಶಪಾಂಡೆ. 1874ರ ಮುಂಬಯಿಯ ವತನ ಕಾಯ್ದೆ ಈ ವಂಶಪಾರಂಪರ್ಯ ಹುದ್ದೆಗಳನ್ನು ನಿಯಮಕ್ಕೆ ಒಳಪಡಿಸಿತು. 1950ರ ಕಾಯ್ದೆ ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ತೆಗೆದುಹಾಕಿತು. ಉಳಿದ ಗ್ರಾಮ ಹುದ್ದೆಗಳನ್ನು ರದ್ದುಮಾಡಿದ್ದು 1961ರ ಕಾಯ್ದೆ. ಹುದ್ದೆ ಹೋಯಿತು, ಹೆಸರು ಹೋಗಲಿಲ್ಲ. ಇವು ಜಾತಿಯ ಹೆಸರುಗಳೆಂಬ ತಿಳಿವಳಿಕೆ ತಪ್ಪು. ಪಾಟೀಲರು ಲಿಂಗಾಯತರಲ್ಲಿ, ರಡ್ಡಿಗಳಲ್ಲಿ, ಜೈನರಲ್ಲಿ, ಮುಸಲ್ಮಾನರಲ್ಲಿ ಎಲ್ಲರಲ್ಲೂ ಇದ್ದಾರೆ. ಕುಲಕರ್ಣಿ ಎಂದರೆ ಬ್ರಾಹ್ಮಣರೇ ಎಂದು ತಿಳಿಯುವ ಬೆಂಗಳೂರಿನವರು ಲಿಂಗಾಯತ ಕುಲಕರ್ಣಿಗಳನ್ನು ಕಂಡು ಅಚ್ಚರಿಪಡುತ್ತಾರೆ. ಧಾರವಾಡದಿಂದ ಶಾಸಕರಾಗಿ ಗೆದ್ದ ವಿನಯ ಕುಲಕರ್ಣಿ ಅವರ ಹೆಸರೇ ಸಾಕು.

ಕುಲಕರ್ಣಿಗಳಲ್ಲಿ ಅತಿ ದೂರ ಹೋದವರು ಹುಬ್ಬಳ್ಳಿಯಲ್ಲಿ ಬೆಳೆದ ಖಗೋಳವಿಜ್ಞಾನಿ ಶ್ರೀನಿವಾಸ ಕುಲಕರ್ಣಿ. ಸೆಕೆಂಡಿಗೆ ನೂರಾರು ಸಲ ತಿರುಗುವ ಮೊದಲ ಪಲ್ಸಾರನ್ನು 1982ರಲ್ಲಿ ಕಂಡುಹಿಡಿದ ತಂಡದಲ್ಲಿ ಅವರಿದ್ದರು. 2024ರಲ್ಲಿ ಶಾ ಪ್ರಶಸ್ತಿ ಪಡೆದರು. ಶಿಗ್ಗಾಂವಿಯಲ್ಲಿ ಹುಟ್ಟಿದ ಅವರ ಅಕ್ಕ ಸುಧಾ ಕುಲಕರ್ಣಿ ಮದುವೆಯಾದ ಮೇಲೆ ಸುಧಾ ಮೂರ್ತಿ ಆದರು. ಮೂರ್ತಿ ಅಡ್ಡಹೆಸರಲ್ಲ. ನಾಗವಾರ ರಾಮರಾವ್ ನಾರಾಯಣಮೂರ್ತಿ ಎಂಬುದರಲ್ಲಿ ನಾಗವಾರ ಊರು, ರಾಮರಾವ್ ತಂದೆ, ನಾರಾಯಣಮೂರ್ತಿ ಸ್ವಂತ ಹೆಸರು. ಅದರ ಬಾಲವೇ ಹೆಂಡತಿಯ ಅಡ್ಡಹೆಸರಾಯಿತು. ಕರ್ನಾಟಕದ ಎರಡು ಹೆಸರಿನ ಪದ್ಧತಿಗಳು ಒಂದೇ ಮನೆಯಲ್ಲಿ ಕೂಡಿದ್ದು ಹೀಗೆ.

ಎರಡನೆಯದು ಮನೆ. ಅಗಸಿಮನಿ ಎಂದರೆ ಊರಬಾಗಿಲಿನ ಪಕ್ಕದ ಮನೆ. ಹೊಸಮನಿ, ಹಳೇಮನಿ, ದೊಡ್ಡಮನಿ, ಮೂಲಿಮನಿ, ಹಿತ್ತಲಮನಿ, ಕಟ್ಟಿಮನಿ: ಇಷ್ಟನ್ನು ಓದಿದರೆ ಒಂದು ಹಳೆಯ ಹಳ್ಳಿಯ ನಕ್ಷೆ ಕಣ್ಣ ಮುಂದೆ ಬರುತ್ತದೆ. ಅಗಸಿ ದಾಟಿ ಒಳಗೆ ಕಾಲಿಟ್ಟರೆ ಎಡಕ್ಕೋ ಬಲಕ್ಕೋ ಅಗಸಿಮನಿ, ಮುಂದೆ ಎತ್ತರದ ಕಟ್ಟೆಯ ಮನೆ, ಓಣಿ ತಿರುಗುವಲ್ಲಿ ಮೂಲಿಮನಿ, ಅಣ್ಣತಮ್ಮಂದಿರು ಬೇರೆಯಾಗಿ ಕಟ್ಟಿದ್ದು ಹೊಸಮನಿ. ಆ ಹೊಸ ಮನೆಗೆ ಈಗ ನೂರೈವತ್ತು ವರ್ಷವಾಗಿರಬಹುದು, ಬಿದ್ದೇ ಹೋಗಿರಬಹುದು. ಹೆಸರು ಮಾತ್ರ ಹೊಸಮನಿಯೇ. ಹಾವೇರಿಯ ಸ್ವಾತಂತ್ರ್ಯ ಹೋರಾಟಗಾರ ಹೊಸಮನಿ ಸಿದ್ದಪ್ಪ, 'ಜ್ವಾಲಾಮುಖಿಯ ಮೇಲೆ' ಕಾದಂಬರಿಗೆ 1968ರ ಸೋವಿಯತ್ ಲ್ಯಾಂಡ್ ನೆಹರು ಪ್ರಶಸ್ತಿ ಪಡೆದ ಬಸವರಾಜ ಕಟ್ಟೀಮನಿ ಇಂಥ ಮನೆಗಳ ಹೆಸರಿನವರು.

ಮೂರನೆಯದು ಕಸುಬು ಮತ್ತು ಸರಕು. ಬಡಿಗೇರ, ಕಮ್ಮಾರ, ಕುಂಬಾರ, ಪತ್ತಾರ, ಹೂಗಾರ, ಅಂಬಿಗೇರ, ಮಡಿವಾಳರ, ನದಾಫ. ಸರಕಿನ ಹೆಸರುಗಳು ಬೇರೆ ಕಡೆಯವರಿಗೆ ವಿಚಿತ್ರವೆನಿಸುತ್ತವೆ: ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ತುಪ್ಪದ, ಸಕ್ರಿ, ಜವಳಿ, ಕಂಬಳಿ. ಅಂಗಡಿಯಲ್ಲಿ ಮಾರಿದ್ದೋ ಹೊಲದಲ್ಲಿ ಬೆಳೆದದ್ದೋ ಹೆಸರಾಗಿ ನಿಂತಿದೆ. ಮೂವತ್ತರ ದಶಕದಲ್ಲಿ ಮುಂಬಯಿ ಪ್ರಾಂತದ ಮಂತ್ರಿಯಾಗಿದ್ದ ಸರ್ ಸಿದ್ದಪ್ಪ ಕಂಬಳಿ ಅವರ ಹೆಸರಿನಲ್ಲಿ ಇಂಗ್ಲೆಂಡಿನ ಪದವಿಯೂ ಬೆಳವಲದ ಉಣ್ಣೆಯೂ ಜೊತೆಗಿವೆ. ಚಂದ್ರಕಾಂತ ಬೆಲ್ಲದ, ಅರವಿಂದ ಬೆಲ್ಲದ ತಂದೆ ಮಗ ಇಬ್ಬರೂ ಶಾಸನಸಭೆಗೆ ಹೋದವರು.

ನಾಲ್ಕನೆಯದು ಮನೆತನದ ಹಿರಿಯನ ಹೆಸರು. ಈ ಭಾಗದ ಈಚಿನ ಶಾಸಕರ ಹೆಸರುಗಳಲ್ಲೇ ಎಲ್ಲ ಬಗೆಗಳೂ ಸಿಗುತ್ತವೆ. ಕಲಘಟಗಿಯ ಸಿ. ಎಂ. ನಿಂಬಣ್ಣವರ ಮತ್ತು ಕುಂದಗೋಳದ ಎಸ್. ಐ. ಚಿಕ್ಕನಗೌಡರ ಹಿರಿಯನ ಹೆಸರಿನವರು; ನವಲಗುಂದದ ಎನ್. ಎಚ್. ಕೋನರಡ್ಡಿ ಅವರದೂ ಅದೇ ಜಾತಿಯ ಹೆಸರೆನ್ನಬಹುದು. ಕುಂದಗೋಳ ತಾಲ್ಲೂಕಿನ ಯರಗುಪ್ಪಿಯ ಸಿ. ಎಸ್. ಶಿವಳ್ಳಿ ಊರ ಹೆಸರಿನವರು. ಮಂತ್ರಿಯಾಗಿದ್ದಾಗಲೇ 2019ರಲ್ಲಿ ತೀರಿಕೊಂಡರು. ನವಲಗುಂದದಿಂದ ಗೆದ್ದು ಮಂತ್ರಿಯಾಗಿದ್ದ ಶಂಕರ ಪಾಟೀಲರನ್ನು ಬರಿಯ ಪಾಟೀಲ ಎಂದರೆ ಯಾರಿಗೂ ಗುರುತು ಸಿಗುವುದಿಲ್ಲ. ಆದ್ದರಿಂದ ಹಿಂದೆ ಮುನೇನಕೊಪ್ಪ ಎಂದು ಸೇರಿಸಬೇಕಾಯಿತು. ಒಂದು ಅಡ್ಡಹೆಸರು ಎಷ್ಟು ಹರಡುತ್ತದೆಯೋ ಅಷ್ಟು ಅದರ ಉಪಯೋಗ ತಗ್ಗುತ್ತದೆ.

ಹೆಸರು ಗಟ್ಟಿಯಾದದ್ದು

ಕರೆಯುವ ಹೆಸರು ತಲೆಮಾರಿಗೊಮ್ಮೆ ಬದಲಾಗುವುದು ಸಹಜ. ಅದನ್ನು ಗಟ್ಟಿ ಮಾಡಿದ್ದು ಎರಡು ಪುಸ್ತಕಗಳು: ಹೊಲದ ಉತಾರ ಮತ್ತು ಕನ್ನಡ ಸಾಲಿಯ ದಾಖಲಾತಿ ಪುಸ್ತಕ. ಹಳ್ಳಿಯ ಅಪ್ಪ ಮಗನನ್ನು ಹೆಗಲ ಮೇಲೆ ಕೂಡಿಸಿಕೊಂಡು ಸಾಲಿಗೆ ಬರುತ್ತಿದ್ದ. ಹುಟ್ಟಿದ ತಾರೀಖು ಗೊತ್ತಿರುತ್ತಿರಲಿಲ್ಲ. ಮಾಸ್ತರರು ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ಅಡ್ಡಹೆಸರು ಕೇಳಿದರೆ ಅಪ್ಪ ತಡವರಿಸುತ್ತಿದ್ದ, ಪಕ್ಕದಲ್ಲಿದ್ದವರು ಒಂದು ಹೇಳುತ್ತಿದ್ದರು, ಮಾಸ್ತರರ ಕಿವಿಗೆ ಬಿದ್ದದ್ದು ಮಸಿಯಲ್ಲಿ ಮೂಡುತ್ತಿತ್ತು. ಒಂದೇ ಮನೆಯ ಅಣ್ಣ ಹೊಸಮನಿ, ತಮ್ಮ ಬಡಿಗೇರ ಆಗಿರುವುದು ಈ ಕಾರಣದಿಂದ. ಕಲಿತು ನೌಕರಿ ಹಿಡಿದ ಮೇಲೆ ಅದನ್ನು ಸರಿಪಡಿಸಲು ಅಫಿಡವಿಟ್ಟು, ಪತ್ರಿಕಾ ಪ್ರಕಟಣೆ, ಅಲೆದಾಟ.

ಆ ಮಸಿ ಕೆಲವರಿಗೆ ಗಾಯವನ್ನೂ ಮಾಡಿತು. ದಲಿತರ ಮಕ್ಕಳ ಅಡ್ಡಹೆಸರಿನ ಕಡೆ ಎಷ್ಟೋ ಮಾಸ್ತರರು ಮನೆತನದ ಹೆಸರನ್ನು ಕೇಳದೆ ಜಾತಿಯನ್ನೇ ಬರೆದರು, ಇಲ್ಲವೆ 'ಹರಿಜನ' ಎಂದು ಬರೆದರು. ಆ ಮನೆಗಳಿಗೂ ತಮ್ಮದೇ ಹೆಸರುಗಳಿದ್ದವು. ಸರಕಾರಿ ಪ್ರಮಾಣಪತ್ರಗಳಲ್ಲಿ ಹರಿಜನ ಎಂಬ ಪದವನ್ನು ಬಳಸಬಾರದೆಂದು ಕೇಂದ್ರ ಗೃಹ ಇಲಾಖೆ 1982ರಲ್ಲಿಯೇ ಸೂಚಿಸಿತು, ಆದರೆ ಅಡ್ಡಹೆಸರಾಗಿ ಕೂತದ್ದು ಹಾಜರಿ ಪುಸ್ತಕದಲ್ಲಿ, ಅಂಕಪಟ್ಟಿಯಲ್ಲಿ, ಮತದಾರರ ಪಟ್ಟಿಯಲ್ಲಿ ಉಳಿದುಬಂತು. ದಿನಾ ಬೆಳಿಗ್ಗೆ ಹಾಜರಿ ಕೂಗುವಾಗ ಒಂದು ಮಗುವಿನ ಜಾತಿಯನ್ನು ತರಗತಿಯ ಎದುರು ಕೂಗಿದಂತೆ ಆಗುತ್ತಿತ್ತು. ಅಂಥ ಹೆಸರನ್ನು ಬಿಟ್ಟು ಊರ ಹೆಸರನ್ನೋ ಅಜ್ಜನ ಹೆಸರನ್ನೋ ತೆಗೆದುಕೊಂಡವರು ಸರಿಯಾದುದನ್ನೇ ಮಾಡಿದ್ದಾರೆ.

ಹೀಗೆ ಪುಸ್ತಕಕ್ಕೆ ಏರಿ ಹೆಸರು ಗಟ್ಟಿಯಾದ ಈ ಕಥೆಗೆ ಫ್ರಾನ್ಸಿನ ಹೆಸರುಗಳ ಚರಿತ್ರೆ ಬಹಳ ಹತ್ತಿರದ್ದು. ಅಲ್ಲಿ 1539ರ ರಾಜಾಜ್ಞೆ ಇಗರ್ಜಿಗಳಲ್ಲಿ ನಾಮಕರಣದ ದಾಖಲೆ ಇಡುವಂತೆ ವಿಧಿಸಿತು. ಕ್ರಾಂತಿಯ ಕಾಲದ 1794ರ ಕಾನೂನು ಜನನಪತ್ರದಲ್ಲಿರುವ ಹೆಸರನ್ನು ಬಿಟ್ಟು ಬೇರೆ ಹೆಸರು ಇಟ್ಟುಕೊಳ್ಳಬಾರದೆಂದಿತು. ಅಲ್ಲಿಯ ಲೆಫೆವ್ರ್ ನಮ್ಮ ಕಮ್ಮಾರ. ದ್ಯುಪಾಂ ಎಂದರೆ ಸೇತುವೆಯ ಹತ್ತಿರದವನು, ನಮ್ಮ ಅಗಸಿಮನಿಯ ಹಾಗೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು ನೆಲೆಸಿ, ಹಿಂದೂಗಳ ಆಚಾರವಿಚಾರಗಳ ಮೇಲೆ ದೊಡ್ಡ ಗ್ರಂಥ ಬರೆದು, 1823ರಲ್ಲಿ ಊರಿಗೆ ಮರಳಿದ ಪಾದ್ರಿ ಅಬ್ಬೆ ದ್ಯುಬುವಾ ಅವರ ಅಡ್ಡಹೆಸರಿನ ಅರ್ಥ 'ಕಾಡಿನ' ಎಂದು. ಅದೂ ಷಷ್ಠಿಯೇ, ಅದೂ ಒಂದು ಜಾಗದ ನೆನಪೇ. ಅಲ್ಲಿ ಇಗರ್ಜಿಯ ಪಾದ್ರಿ ಮಾಡಿದ ಕೆಲಸವನ್ನು ಇಲ್ಲಿ ಸಾಲಿ ಮಾಸ್ತರರು ಮಾಡಿದರು, ಮುನ್ನೂರು ವರ್ಷ ತಡವಾಗಿ.

ಹಳ್ಳಿಯ ಹಳೆಯ ಕನ್ನಡ ಶಾಲೆಗಳ ದಾಖಲಾತಿ ಪುಸ್ತಕಗಳು ಈಗ ಅಂಚು ಸವೆದು, ಮಸಿ ಹಬ್ಬಿ, ಕಪಾಟಿನ ತಳದಲ್ಲಿ ಬಿದ್ದಿವೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳ ಓದುಗರಲ್ಲಿ ಒಂದು ಕೋರಿಕೆ: ನಿಮ್ಮೂರಿನ ಶಾಲೆಯ ಮುಖ್ಯಾಧ್ಯಾಪಕರನ್ನು ಕಂಡು ಆ ಪುಸ್ತಕಗಳು ಗೆದ್ದಲಿಗೆ ಸಿಗದಂತೆ ನೋಡಿಕೊಳ್ಳಿ, ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ, ನಿಮ್ಮ ಅಡ್ಡಹೆಸರು ಯಾವ ಊರಿನಿಂದ, ಯಾರಿಂದ, ಯಾಕೆ ಬಂತೆಂದು ಈ ವಾರವೇ ಕೇಳಿ ಬರೆದಿಟ್ಟುಕೊಳ್ಳಿ.